ಒಂದನೇ ಪ್ರತಿವಾದಿ

ಕೋರ್ಟಿನ ಅಮೀನ ಮೊದಲ ಸಲ ಮನೆಗೆ ಬಂದಾಗ ಚಿತ್ರಾ ಅಂಗಳದಲ್ಲಿ ಶೇಂಗಾ ಒಣಹಾಕುತ್ತಿದ್ದಳು. ಶ್ರೀರಾಂಪುರದ ಕಡೆಯಿಂದ ಬಂದ ಬೈಕು ಬೇವಿನ ಮರದ ಕೆಳಗೆ ನಿಂತಿತು. ಇಳಿದವನು ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಿ, ಹೆಗಲ ಚೀಲದಿಂದ ಕಾಗದದ ಕಟ್ಟು ತೆಗೆಯುತ್ತ, "ರಂಗಸ್ವಾಮಿ ಅವ್ರ ಮನೆ ಇದೇ ಏನಮ್ಮ?" ಎಂದು ಕೇಳಿದ.

ಚಿತ್ರಾ ಬಾಯಿ ತೆರೆಯುವಷ್ಟರಲ್ಲಿ ಕಿಟಕಿಯ ಹಿಂದಿನಿಂದ ಗಂಡನ ಪಿಸುಮಾತು ಬಂತು: "ಯಾರೂ ಇಲ್ಲ ಅನ್ನು." ಹಿತ್ತಿಲ ಬಾಗಿಲು ಸರಿದ ಸದ್ದಾಯಿತು. ತಿನ್ನುತ್ತಿದ್ದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ರಂಗಸ್ವಾಮಿ ಕುರಿ ರೊಪ್ಪದ ಕಡೆ ಹೊರಟುಹೋಗಿದ್ದ.

"ಇದೇರಿ. ಅವ್ರಿಲ್ಲ."

"ಅವರ ತಮ್ಮ ದಯಾನಂದ?"

"ಇಲ್ರಿ."

"ತಾಯಿ ತಿಪ್ಪಮ್ಮ?"

ತಿಪ್ಪಮ್ಮ ನಡುಮನೆಯಲ್ಲಿ ಕಾಲು ಚಾಚಿ ಅವರೆಕಾಯಿ ಬಿಡಿಸುತ್ತ ಕುಳಿತಿದ್ದಳು. ಸೊಸೆಯ ಮುಖವನ್ನೇ ನೋಡುತ್ತಿದ್ದಳು.

"ಅವ್ರೂ ಇಲ್ರಿ," ಎಂದಳು ಚಿತ್ರಾ.

ಬಂದವನ ಹೆಸರು ಮಂಜಣ್ಣ. ಬಿಸಿಲಲ್ಲಿ ಹೊಸದುರ್ಗದಿಂದ ಬಂದು ಸಾಕಾಗಿದ್ದ. "ನಿಮ್ಮ ನಾದಿನಿ ಯಲ್ಲಕ್ಕ ಪಾಲಿನ ದಾವೆ ಹಾಕ್ಯಾರೆ. ಮೂರು ಜನಕ್ಕೂ ಸಮನ್ಸ್ ಐತೆ. ಅವ್ರು ಊರು ಬಿಟ್ಟು ಹೋಗ್ಯಾರೆ, ಸದ್ಯಕ್ಕೆ ಬರಲ್ಲ ಅಂದ್ರೆ ನೀವೇ ತಗಬಹುದು. ಮನೆ ಮಂದಿ ತಾನೆ."

"ನಾ ಮುಟ್ಟಲ್ರಿ. ನಂಗೇನೂ ಗೊತ್ತಿಲ್ಲ."

ಮಂಜಣ್ಣ ಹೊಸ್ತಿಲ ಬಳಿ ಸಾಲಾಗಿ ಬಿಟ್ಟಿದ್ದ ಚಪ್ಪಲಿಗಳನ್ನು ನೋಡಿದ. "ಕುಡಿಯಕ್ಕೆ ನೀರು ಕೊಡಮ್ಮ," ಎಂದು ಕೇಳಿ, ಚೊಂಬು ಎತ್ತಿ ಕುಡಿದು, "ಇನ್ನೊಂದ್ಸಲ ಬರ್ತೀನಿ" ಅಂತ ಹೇಳಿ ಹೋದ.

ಮನೆಯೊಳಗೆ ಬಂದಾಗ ಅತ್ತೆ ಕೇಳಿದಳು: "ನಾನೂ ಇಲ್ಲ ಅಂದ್ಯಾ?"

"ಮತ್ತೇನು ಅನ್ಲಿ ಅತ್ತೆ? ನಿಮ್ಮ ಮಗ ಹೇಳಿದ್ದು."

ಮಾವ ಕಾಟಲಿಂಗಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅವನ ಹೆಸರಲ್ಲಿದ್ದ ಹೊಲದಲ್ಲಿ ಹೊಸದುರ್ಗದ ರಸ್ತೆಗೆ ತಾಗಿದ ತುಂಡನ್ನು ಕಲ್ಯಾಣ ಮಂಟಪ ಕಟ್ಟುವವರು ಕೇಳಿದ್ದರು. ಅಣ್ಣತಮ್ಮ ಇಬ್ಬರೂ ಸೇರಿ ಕಾಟಲಿಂಗಪ್ಪನಿಗೆ ಹೆಂಡತಿ ಮತ್ತು ಇಬ್ಬರೇ ಮಕ್ಕಳು ಎಂದು ವಂಶವೃಕ್ಷ ಮಾಡಿಸಿ, ಖಾತೆ ತಮ್ಮ ಹೆಸರಿಗೆ ಮಾಡಿಸಿಕೊಂಡರು. ಹೊಳಲ್ಕೆರೆಗೆ ಕೊಟ್ಟಿದ್ದ ಹಿರಿಯ ಮಗಳು ಯಲ್ಲಕ್ಕನಿಗೆ ಈ ವಿಷಯ ತಿಳಿದದ್ದು ಊರಿನವರ ಬಾಯಿಂದ. ಒಂದು ಭಾನುವಾರ ಬಂದು ಕೇಳಿದಳು. "ನಿಂಗೆ ಮದುವೆ ಮಾಡಿಲ್ವಾ?" ಅಂದ ರಂಗಸ್ವಾಮಿ. "ಕುರಿ ಕಾಯ್ತಾ ನಿನ್ನ ಸೊಂಟದ ಮ್ಯಾಲೆ ಹೊತ್ತೋಳು ನಾನು. ಅಪ್ಪನಿಗೆ ನಾನು ಹುಟ್ಟೇ ಇಲ್ಲ ಅಂತ ಬರೆಸಿದ್ಯಲ್ಲೋ," ಎಂದು ಯಲ್ಲಕ್ಕ ಎದ್ದು ಹೋದವಳು ಮತ್ತೆ ಬರಲಿಲ್ಲ. ಬಂದದ್ದು ದಾವೆ.

ಸಂಜೆ ಮುದ್ದೆಗೆ ಅವರೆಕಾಳಿನ ಸಾರು. ಬಡಿಸುವ ಹೊತ್ತಿಗೆ ದಯಾನಂದನೂ ಬಂದ. ಜಮೀನಿನ ದಲ್ಲಾಳಿ ಶ್ರೀನಿವಾಸ್‌ನನ್ನು ಕಂಡು ಬಂದಿದ್ದ.

"ಮೊಬೈಲಿನಾಗೇ ನೋಡಿ ಹೇಳಿದ. ಅವ್ವ, ನಿನ್ನ ಹೆಸ್ರೇ ಮೊದ್ಲು ಹಾಕ್ಯಾಳೆ ನಿನ್ನ ಮಗಳು. ನೀನು ಒಂದನೇ ಪ್ರತಿವಾದಿ. ಆಮೇಲೆ ಅಣ್ಣ, ಆಮೇಲೆ ನಾನು."

ತಿಪ್ಪಮ್ಮನ ಕೈಯ ತುತ್ತು ಸಾರಿನಲ್ಲೇ ನಿಂತಿತು. "ನಾನೇನು ಮಾಡೀನಪ್ಪ ಅವಳಿಗೆ?"

"ಅದನ್ನ ಕೋರ್ಟಿನಾಗೆ ಕೇಳು. ಹೆತ್ತ ತಾಯಿ ಮ್ಯಾಲೆ ಕೇಸು!"

ರಂಗಸ್ವಾಮಿ ಮುದ್ದೆ ಮುರಿಯುತ್ತ ಮನೆಗೆಲ್ಲ ಕಟ್ಟಳೆ ಹಾಕಿದ. "ಶ್ರೀನಿವಾಸ್ ನಂಗೂ ಫೋನು ಮಾಡಿ ಏನಂದ ಅಂದ್ರೆ, ಕಾಗದ ನಾವು ಕೈಗೆ ತಗಳ್ಳಾವರೆಗೂ ಕೇಸು ಮುಂದಕ್ಕೆ ಹೋಗಲ್ಲ. ಅಷ್ಟ್ರಾಗೆ ಮಂಟಪದೋರ ಹೆಸ್ರಿಗೆ ರಿಜಿಸ್ಟ್ರಿ ಮುಗಿಸಾಣ. ನಾಳೆಯಿಂದ ಮುಂದಿನ ಬಾಗ್ಲು ಹಾಕಿರ್ಬೇಕು. ಅವ್ವ ಹೊರಗೆ ಬರಂಗಿಲ್ಲ. ಯಾರು ಕೂಗಿದ್ರೂ ಓಗೊಡಂಗಿಲ್ಲ. ಬಂದೋರ ಜೊತೆ ಮಾತಾಡೋದು ಇವಳು ಒಬ್ಳೇ."

"ಸುಳ್ಳು ಹೇಳೋಕೆ ನಾನೇ ಸಿಕ್ಕಿದ್ನಾ?" ಎಂದಳು ಚಿತ್ರಾ.

"ನಿನ್ನ ಹೆಸ್ರು ಕೇಸಿನಾಗಿಲ್ಲ. ಅದಕ್ಕೆ."

ಅವತ್ತಿನಿಂದ ಮನೆ ಕಳ್ಳರ ಮನೆಯಂತಾಯಿತು. ಶೇಂಗಾ ಹಿತ್ತಿಲಲ್ಲಿ ಒಣಗಿತು. ಹಾಲನ್ನು ಡೈರಿಗೆ ತಿಪ್ಪಮ್ಮನೇ ಒಯ್ಯುತ್ತಿದ್ದಳು, ಈಗ ಅದೂ ಚಿತ್ರಾಳ ಪಾಲಿಗೆ ಬಂತು. ಗಂಡಸರಿಬ್ಬರೂ ಹಗಲೆಲ್ಲ ರೊಪ್ಪದಲ್ಲೇ ಇರುವರು. ಮಧ್ಯಾಹ್ನದ ಬುತ್ತಿಯನ್ನು ಅಲ್ಲಿಗೇ ಹೊರಬೇಕು. ಪಕ್ಕದ ಬೀದಿಯಲ್ಲಿ ತಿಪ್ಪಮ್ಮನ ವಾರಿಗೆಯ ಮುದುಕಿಯೊಬ್ಬಳು ಸತ್ತಳು. ಜೊತೆಗೆ ಕಳೆ ಕಿತ್ತವಳು, ಜೊತೆಗೆ ಬಾಣಂತನ ಕಂಡವಳು. ಮಣ್ಣಿಗೆ ಹೋಗುತ್ತೇನೆಂದು ತಿಪ್ಪಮ್ಮ ಸೆರಗು ಹೊದ್ದು ಎದ್ದರೆ, ದಯಾನಂದ ಅಡ್ಡ ನಿಂತ.

"ಜನ ಸೇರಿರೋ ಕಡೆನೇ ಅಮೀನ ಬಂದು ಕೈಗೆ ತುರುಕಿದ್ರೆ?"

"ಹೆಣದ ಮುಂದೆ ಯಾರೋ ಕಾಗದ ಕೊಡ್ತಾರೆ?"

"ನಿನ್ನ ಮಗಳು ಕೊಡಸ್ತಾಳೆ."

ತಿಪ್ಪಮ್ಮ ಹೋಗಲಿಲ್ಲ. ತಮಟೆ ಸದ್ದು ಬೀದಿ ದಾಟಿ ಹೋಗುವ ತನಕ ಕಂಬಕ್ಕೊರಗಿ ಕೂತು, ಆಮೇಲೆ ಹಿತ್ತಿಲಿಗೆ ಹೋಗಿ ಹಾಗೇ ಸ್ನಾನ ಮಾಡಿದಳು.

ಪೋಸ್ಟಿನಲ್ಲೂ ಸಮನ್ಸ್ ಬಂತು. ಪೋಸ್ಟ್‌ಮನ್ ಪರಿಚಯದವನೇ; ದಯಾನಂದ ದಾರಿಯಲ್ಲೇ ಅವನನ್ನು ತಡೆದು, ಬಾಗಿಲಿಗೆ ಬೀಗ ಹಾಕಿತ್ತು ಅಂತ ಬರಿ ಎಂದು ಹೇಳಿದ. ಅವನು ತಲೆಯಾಡಿಸಿ ಹೋಗಿ, ತಗೊಳ್ಳಲು ಒಪ್ಪಲಿಲ್ಲ ಎಂದೇ ಬರೆದು ವಾಪಸ್ ಕಳಿಸಿದನಂತೆ.

ಒಂದು ದಿನ ರೊಪ್ಪಕ್ಕೆ ಬುತ್ತಿ ಒಯ್ದಾಗ ಚಿತ್ರಾ ಗಂಡನನ್ನು ಕೇಳಿಯೇ ಬಿಟ್ಟಳು. "ಅಕ್ಕನಿಗೆ ಒಂದು ಪಾಲು ಕೊಟ್ರೆ ನಮಗೇನು ಕಮ್ಮಿ ಆಗ್ತೈತೆ?"

"ನಿಮ್ಮಪ್ಪ ಸತ್ತಾಗ ನೀನು ಕೇಳಿದ್ಯಾ?"

"ಕೇಳ್ಲಿಲ್ಲ. ಅಣ್ಣ ಹಿರಿಯೂರಿಗೆ ಕರೆಸಿ, ಹೋಟ್ಲಿನಾಗೆ ದೋಸೆ ಕೊಡಿಸಿ, ರಿಜಿಸ್ಟರ್ ಆಫೀಸಿನಾಗೆ ಸೈನ್ ಹಾಕಿಸ್ಕಂಡ. ಒಂದು ಸೀರೆ ಕೊಟ್ಟ."

"ಅದು ಮರ್ಯಾದಸ್ಥರ ಮನೆ ಹೆಣ್ಣು ಮಾಡೋದು," ಎಂದು ರಂಗಸ್ವಾಮಿ ಮಜ್ಜಿಗೆ ಕುಡಿದ.

ಆ ಸೀರೆಯನ್ನು ಚಿತ್ರಾ ಉಟ್ಟದ್ದು ಒಮ್ಮೆಯೇ. ಬಣ್ಣ ಹೋಗಿತ್ತು.

ಕಾರ್ತಿಕದ ಚಳಿ ಶುರುವಾದಾಗ ತಿಪ್ಪಮ್ಮನಿಗೆ ಜ್ವರ ಬಂತು. ಶ್ರೀರಾಂಪುರದ ಆಸ್ಪತ್ರೆಗೆ ಕರೆದೊಯ್ಯೋಣ ಎಂದಳು ಚಿತ್ರಾ. ಅಣ್ಣತಮ್ಮ ಇಬ್ಬರೂ ಬೇಡ ಎಂದರು. ದಯಾನಂದ ಅಂಗಡಿಯಿಂದ ಗುಳಿಗೆ ತಂದ. ಜ್ವರ ಇಳಿದು ಮತ್ತೆ ಏರಿತು. ಈ ಸುದ್ದಿ ಹೇಗೋ ಹೊಳಲ್ಕೆರೆ ಮುಟ್ಟಿತು.

ಗಂಡಸರಿಬ್ಬರೂ ಊಟಕ್ಕೆಂದು ಮನೆಗೇ ಬಂದಿದ್ದ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು.

"ಅವ್ವಾ! ನಾನು, ಯಲ್ಲಕ್ಕ."

ದಯಾನಂದ ಕಿಟಕಿಯ ಸಂದಿಯಿಂದ ನೋಡಿ ಬೆರಳು ಅಲ್ಲಾಡಿಸಿದ. "ಕೈಯಾಗೆ ಬ್ಯಾಗೈತೆ. ಕೆಲವು ಸಲ ಕೋರ್ಟಿನೋರು ವಾದಿ ಕೈಗೇ ಕೊಟ್ಟು ಕಳಸ್ತಾರಂತೆ. ಕಾಗದ ಅದ್ರಾಗೇ ಐತೆ."

"ಊಟದ ಡಬ್ಬಿ ಕಾಣ್ತೈತಲ್ಲ ದಯಾ," ಎಂದು ಚಿತ್ರಾ ಮೆಲ್ಲಗೆ ಅಂದಳು. ಅವಳ ಕೈ ಆಗಲೇ ಚಿಲಕದ ಮೇಲಿತ್ತು. ರಂಗಸ್ವಾಮಿ ಬಂದು ಅವಳ ರಟ್ಟೆ ಹಿಡಿದ.

ಹೊರಗಿನಿಂದ ಯಲ್ಲಕ್ಕ ಹೇಳಿದಳು: "ನೀವೆಲ್ಲ ಒಳಗೇ ಇದೀರಿ ಅಂತ ಗೊತ್ತು ಕಣೋ ರಂಗ. ನಾ ಕಾಗದ ತಂದಿಲ್ಲ. ಮೆಣಸಿನ ಸಾರು ತಂದೀನಿ, ಅವ್ವಂಗೆ. ಮುಖ ನೋಡಿ ಹೋಗ್ತೀನಿ."

ತಿಪ್ಪಮ್ಮ ಚಾಪೆಯ ಮೇಲೆ ಎದ್ದು ಕೂತಳು. ಬಾಯಿ ತೆರೆದಳು. ರಂಗಸ್ವಾಮಿ ಹತ್ತಿರ ಬಂದು ಬಗ್ಗಿ ಹೇಳಿದ: "ಓ ಅಂದ್ರೆ ನೀನು ಒಳಗಿದೀಯ ಅಂತ ಆಗ್ತೈತೆ. ಎಲ್ಲಾ ಹಾಳಾಗ್ತೈತೆ. ಸುಮ್ನಿರು."

ಹೊರಗಿನ ದನಿ ಬಿರುಸಾಯಿತು. "ಅವ್ವಾ, ನಿನ್ನ ಹೆಸ್ರು ಹಾಕಿದ್ದಕ್ಕೆ ನೊಂದ್ಕಂಡೀಯಂತೆ. ಬೈಯಕ್ಕೆ ಹಾಕಿಲ್ಲ ಕಣವ್ವ. ಅಪ್ಪನ ಹೊಲದಾಗೆ ನಿಂಗೂ ಒಂದು ಪಾಲೈತೆ. ಪಾಲಿರೋರ್ನೆಲ್ಲ ಕರೀಲೇಬೇಕು, ಇಲ್ಲಾಂದ್ರೆ ದಾವೆ ನಿಲ್ಲಲ್ಲ ಅಂದ್ರು ವಕೀಲ್ರು. ಅದಕ್ಕೆ ಸಮನ್ಸ್ ಬಂದಿರಾದು. ನಿಂಗೂ ಬರ್ಬೇಕಾದ್ದು ಐತೆ, ಬಾ ಅಂತ."

ತಿಪ್ಪಮ್ಮ ಮಗನ ಮುಖ ನೋಡಿದಳು. "ಹೌದೇನೋ?" ದನಿಯಿಲ್ಲದೆ ಕೇಳಿದಳು.

"ಸುಳ್ಳು. ನೀನು ಮಲ್ಕ."

ಯಲ್ಲಕ್ಕ ಬಹಳ ಹೊತ್ತು ಕಟ್ಟೆಯ ಮೇಲೆ ಕೂತಿದ್ದಳು. ಬೀದಿಯಲ್ಲಿ ಹೋಗುವವರು ನಿಂತು ಮಾತಾಡಿಸುತ್ತಿದ್ದದ್ದು ಒಳಗೆ ಕೇಳುತ್ತಿತ್ತು. ಕೊನೆಗೆ ಎದ್ದಳು. ಡಬ್ಬಿಯನ್ನು ಬಾಗಿಲ ಮುಂದೆಯೇ ಇಟ್ಟುಹೋದಳು. ಅದನ್ನು ಒಳಗೆ ತರಲು ರಂಗಸ್ವಾಮಿ ಬಿಡಲಿಲ್ಲ. ಯಾರಾದರೂ ಫೋಟೋ ತೆಗೆಯುತ್ತಾರೆ ಎಂದ. ಹೊತ್ತು ಇಳಿದ ಮೇಲೆ ತಾನೇ ಹೋಗಿ ಎತ್ತಿ ತಂದು, ಮುಚ್ಚಳ ತೆಗೆದು, ಸೌಟು ಹಾಕಿ ತಿರುವಿ ನೋಡಿದ. ಸಾರಿನೊಳಗೆ ಕಾಗದವೇನೂ ಇರಲಿಲ್ಲ. ಇರುವೆ ಮುತ್ತಿದ್ದವು. ಚಿತ್ರಾ ಅದನ್ನು ಹಿತ್ತಿಲಿಗೆ ಚೆಲ್ಲಿ, ಡಬ್ಬಿ ತೊಳೆದು ಕವುಚಿದಳು. ತಿಪ್ಪಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅವತ್ತು ಗಂಜಿ ಕೂಡ ಕುಡಿಯಲಿಲ್ಲ.

ಜ್ವರ ಬಿಟ್ಟು, ತಿಪ್ಪಮ್ಮ ಗೋಡೆ ಹಿಡಿದು ಓಡಾಡುವಂತಾದ ಮೇಲೆ ಮಂಜಣ್ಣ ಮತ್ತೆ ಬಂದ. ಈ ಸಲ ಒಬ್ಬನೇ ಬರಲಿಲ್ಲ. ಕೋರ್ಟಿನ ಲೆಕ್ಕಕ್ಕೆ ಮನೆ ಇದೇ ಎಂದು ಗುರುತು ಹೇಳಲು ಯಲ್ಲಕ್ಕ ಜೊತೆಗಿದ್ದಳು. ಸಾಕ್ಷಿಗೆಂದು ಊರಿನ ಇಬ್ಬರು. ಮಂಜಣ್ಣನ ಕೈಯಲ್ಲಿ ಅಂಟಿನ ಡಬ್ಬಿ.

"ತಿಪ್ಪಮ್ಮ, ರಂಗಸ್ವಾಮಿ, ದಯಾನಂದ! ಕೋರ್ಟಿನಿಂದ ಸಮನ್ಸ್! ಬರ್ರಿ ಹೊರಗೆ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಒಳಗಿದ್ದದ್ದು ಹೆಂಗಸರಿಬ್ಬರೇ. "ತಗೊಳ್ಳಲಿಲ್ಲ ಅಂದ್ರೆ ಬಾಗಿಲಿಗೆ ಅಂಟಿಸಿ ಹೋಗ್ತೀನಿ. ಕೊಟ್ಟಂಗೇ ಲೆಕ್ಕ ಅದು," ಎಂದ ಮಂಜಣ್ಣ.

ತಿಪ್ಪಮ್ಮ ಸೆರಗು ಸರಿಮಾಡಿಕೊಂಡಳು. "ಬಾಗ್ಲು ತೆಗಿ."

"ಅತ್ತೆ, ಅವ್ರು ನನ್ನ ಕೊಂದೇ ಬಿಡ್ತಾರೆ."

"ನಾ ತೆಗೆದೆ ಅನ್ನು. ತೆಗಿ. ನನ್ನ ಕೈಯಾಗೆ ಆಗಲ್ಲ, ಬಿಗಿ ಐತೆ."

ಚಿತ್ರಾ ಚಿಲಕ ತೆಗೆದಳು. ವಾರಗಟ್ಟಲೆ ಮುಚ್ಚಿದ್ದ ಬಾಗಿಲು. ಬಿಸಿಲಿಗೆ ಮುದುಕಿ ಕಣ್ಣು ಕಿರಿದು ಮಾಡಿದಳು.

"ನಾನೇ ತಿಪ್ಪಮ್ಮ. ಕೊಡಪ್ಪ, ನಂದೆಷ್ಟೈತೋ ಅಷ್ಟು ಕೊಡು."

ಮಂಜಣ್ಣ ಅಂಟಿನ ಡಬ್ಬಿ ಕೆಳಗಿಟ್ಟು ಪೆನ್ನು ತೆಗೆದ. "ಇವ್ರನ್ನ ಗುರುತು ಹಿಡಿಯೋರು ಯಾರು? ಬರೀಬೇಕು."

"ನಾನು," ಎಂದಳು ಯಲ್ಲಕ್ಕ.

"ನಿಮಗೆ ಇವ್ರು ಏನಾಗ್ಬೇಕು?"

ಇಡೀ ಬೀದಿಗೆ ಗೊತ್ತಿದ್ದ ಮಾತು. ಯಲ್ಲಕ್ಕ ಅದನ್ನೂ ಹೇಳಿದಳು: "ಅವ್ವ. ನಮ್ಮವ್ವ."

ಮಂಜಣ್ಣ ಗೋಡೆಗೆ ಕಾಗದವಿಟ್ಟು ಬರೆದ. ತಿಪ್ಪಮ್ಮ ಅವನು ತೋರಿಸಿದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದು, ತನ್ನ ಪ್ರತಿಯನ್ನು ಮಡಚಿ ಹೊಟ್ಟೆಗೆ ಅವುಚಿಕೊಂಡಳು.

"ಅವತ್ತು ಒಳಗೇ ಇದ್ಯಲ್ಲವ್ವ?" ಎಂದು ಯಲ್ಲಕ್ಕ ಕೇಳಿದಳು.

"ಇದ್ದೆ. ಒಳಗೆ ಬಾ, ಮುದ್ದೆ ಐತೆ. ಉಂಡು ಹೋಗು."

"ಬ್ಯಾಡವ್ವ. ಗುರುತು ಹೇಳಕ್ಕೆ ಬಂದೆ, ಉಣ್ಣಕ್ಕಲ್ಲ." ಯಲ್ಲಕ್ಕನ ಕಾಲು ಹೊಸ್ತಿಲು ದಾಟಲಿಲ್ಲ. ಚಿತ್ರಾ ಒಳಗಿನಿಂದ ತೊಳೆದಿಟ್ಟ ಡಬ್ಬಿ ತಂದುಕೊಟ್ಟಳು. ಅದನ್ನು ಇಸಿದುಕೊಂಡು ಯಲ್ಲಕ್ಕ ಬೀದಿಯ ಆಚೆ ಬದಿಗೆ ಹೋಗಿ ನಿಂತಳು.

ಮಂಜಣ್ಣ ಚಿತ್ರಾಳ ಕಡೆ ತಿರುಗಿದ. "ಯಜಮಾನ್ರು? ಇವತ್ತೂ ಇಲ್ಲ ಅಂತೀರಾ?"

ಚಿತ್ರಾಳ ಬಾಯಿಗೆ ಅಭ್ಯಾಸದ ಮಾತೇ ಬಂದಿತ್ತು. ಅತ್ತೆಯ ಕಡೆ ನೋಡಿದಳು. "ರೊಪ್ಪದಾಗೆ ಅವ್ರೆ. ಇಬ್ರೂ," ಎಂದು ಕೈ ತೋರಿಸಿದಳು.

ರೊಪ್ಪದಲ್ಲಿ ನಡೆದದ್ದನ್ನು ಊರೆಲ್ಲ ನಕ್ಕುಕೊಂಡು ಹೇಳಿತು. ರಂಗಸ್ವಾಮಿ ಕುರಿಗಳ ನಡುವೆ ಕುಕ್ಕರಗಾಲಲ್ಲಿ ಕೂತಿದ್ದನಂತೆ. ಕಾಗದ ಮುಟ್ಟಲ್ಲ ಎಂದನಂತೆ. ಮಂಜಣ್ಣ ಅದನ್ನೇ ಬರೆದುಕೊಂಡು ವಾಪಸ್ ಬಂದು ಅಣ್ಣತಮ್ಮಂದಿರ ಪ್ರತಿಗಳನ್ನು ಬಾಗಿಲಿಗೆ ಅಂಟಿಸಿಹೋದ. ಮುಂದೆ ವಾರದೊಳಗೆ ಕಲ್ಯಾಣ ಮಂಟಪದವರು ಬಂದು, ತಗಾದೆ ಇರುವ ಜಾಗ ನಮಗೆ ಬೇಡ ಎಂದರು. ಶ್ರೀನಿವಾಸ್ ಫೋನು ಎತ್ತುವುದನ್ನೇ ಬಿಟ್ಟ. ಹೊಸದುರ್ಗದ ವಕೀಲರು ಮಾತ್ರ ಇದ್ದದ್ದನ್ನು ಹೇಳಿದರು: "ಬೇಡ ಅಂದ್ರೂ ಮುಟ್ಟಿದಂಗೇನ್ರಿ. ಅಡಗಿ ಕೂತಿದ್ದು ದಂಡ. ತಾರೀಖಿಗೆ ಬರದಿದ್ರೆ ನಿಮ್ಮನ್ನ ಬಿಟ್ಟೇ ಕೇಸು ನಡೆದು ಹೋಗ್ತಿತ್ತು."

ಸಿಟ್ಟೆಲ್ಲ ಚಿತ್ರಾಳ ಮೇಲೆ ಬಿತ್ತು. ರಂಗಸ್ವಾಮಿ ಹೊಡೆಯಲಿಲ್ಲ. ಅವಳು ಬಡಿಸಿದ್ದನ್ನು ಉಣ್ಣುವುದನ್ನು ಬಿಟ್ಟ. ಅಡುಗೆಯಾದ ಮೇಲೆ ತಮ್ಮನ ಕೈಯಿಂದ ಬಡಿಸಿಕೊಂಡು ತಿನ್ನುತ್ತಿದ್ದ. ಒಂದು ಬೆಳಿಗ್ಗೆ, "ನಿನ್ನ ಬಟ್ಟೆ ಕಟ್ಕ. ತವರಿಗೆ ಹೋಗು. ಗಂಡನ್ನ ಹಿಡಿದುಕೊಟ್ಟೋಳು ಈ ಮನ್ಯಾಗೆ ಬ್ಯಾಡ," ಎಂದ.

ಚಿತ್ರಾ ಹಿತ್ತಿಲಲ್ಲಿ ನಿಂತು ಅಣ್ಣನಿಗೆ ಫೋನು ಮಾಡಿದಳು. ಹಿರಿಯೂರಿನ ಕಡೆಯಿಂದ ಅಣ್ಣ ಎಲ್ಲ ಕೇಳಿಸಿಕೊಂಡ.

"ನೀ ಯಾಕೆ ಬಾಯಿ ಬಿಡಕ್ಕೆ ಹೋದ್ಯವ್ವ? ಅವ್ರಕ್ಕ ತಮ್ಮಂದಿರು ಏನಾದ್ರೂ ಮಾಡ್ಕಳ್ಳಿ."

"ಅಲ್ಲಿಗೆ ಬರ್ಲಾ ಅಣ್ಣ?"

"ಬಾ, ಎರಡು ದಿನ ಇದ್ದು ಹೋಗು. ಆಮೇಲೆ ನಿಮ್ಮತ್ತಿಗೆ ಏನಂತಾಳೋ. ಮನೆನೂ ಸಣ್ಣದು. ಹೊಂದ್ಕಂಡು ಹೋಗು."

ಅವಳು ಫೋನು ಇಟ್ಟು ತಿರುಗಿದಾಗ ತಿಪ್ಪಮ್ಮ ಬಚ್ಚಲ ಬಾಗಿಲಲ್ಲಿ ನಿಂತಿದ್ದಳು. ಕೇಳಿಸಿಕೊಂಡಿದ್ದಳು. "ನೀರು ಕಾದೈತಾ?" ಎಂದಷ್ಟೇ ಕೇಳಿದಳು.

ಆ ಸಂಜೆ ರಂಗಸ್ವಾಮಿ ತಾಯಿಯ ಮುಂದೆ ಕೂತ. ದನಿ ಎತ್ತಲಿಲ್ಲ. "ಅವ್ವ, ಒಂದೇ ವಕೀಲ್ರು, ಮೂರು ಜನದ್ದೂ ಒಂದೇ ವಕಾಲತ್ತು. ಯಲ್ಲಕ್ಕನಿಗೆ ಮದುವ್ಯಾಗೇ ಕುರಿ, ಒಡವೆ, ದುಡ್ಡು ಎಲ್ಲಾ ಕೊಟ್ಟೀವಿ, ಅವಳಿಗೆ ಇನ್ನೇನೂ ಬರಲ್ಲ ಅಂತ ನೀನೂ ಒಪ್ಪಿ ಸೈನ್ ಹಾಕ್ಬೇಕು. ತಾಯಿನೇ ಹೇಳಿದ್ರೆ ಕೋರ್ಟು ನಂಬ್ತೈತೆ."

"ಏನು ಕೊಟ್ಟೀವೋ? ಎರಡು ಬಳೆ. ಅವನ್ನೂ ನಿನ್ನ ಕಾಲೇಜಿಗೆ ಅಂತ ಇಸ್ಕಂಡು ಬಂದೆ ನಾನು."

"ಹಾಕಲ್ಲ ಅಂದ್ರೆ ಬ್ಯಾಡ ಬಿಡು. ನಾಳೆ ಬೆಳಿಗ್ಗೆ ಇವಳನ್ನ ಬಸ್ಸು ಹತ್ತಸ್ತೀನಿ. ಚಿತ್ರದುರ್ಗದ ಹಾಸ್ಟೆಲ್ನಾಗಿರೋ ಮಗಳು ರಂಜಿತಾಗೂ ಹೇಳ್ತೀನಿ, ರಜಕ್ಕೆ ಬಂದಾಗ ನಿಮ್ಮಮ್ಮ ಇಲ್ಲಿರಲ್ಲ ಅಂತ."

ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದ ಚಿತ್ರಾ ಕೋಲು ಬಿಟ್ಟು ಎದ್ದಳು. "ಅತ್ತೆ, ನನ್ನ ಸಲುವಾಗಿ ಹಾಕಬ್ಯಾಡ್ರಿ. ನಾ ಎಲ್ಲಾದ್ರೂ ಹೋಗ್ತೀನಿ."

"ಎಲ್ಲಿಗೆ ಹೋಗ್ತೀಯ?" ಎಂದು ತಿಪ್ಪಮ್ಮ ಕೇಳಿದಳು. ಮುದ್ದೆ ತಳ ಹಿಡಿಯಿತು.

ಹೊಸದುರ್ಗದ ವಕೀಲರ ಕೋಣೆಯಲ್ಲಿ ತಿಪ್ಪಮ್ಮ ಮತ್ತೆ ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದಳು, ಪುಟ ಪುಟಕ್ಕೂ. ವಕೀಲರು, "ಓದಿ ಹೇಳ್ಲೇನಮ್ಮ?" ಎಂದರು. "ಬ್ಯಾಡ್ರಿ," ಎಂದಳು.

ಕೋರ್ಟಿನಲ್ಲಿ ಹೆಸರು ಕೂಗಿದರು. ಮೂವರೂ ಎದ್ದು ನಿಂತರು. ಅತ್ತೆಯ ಜೊತೆಗೆ ಬಂದಿದ್ದ ಚಿತ್ರಾ ಬಾಗಿಲ ಬಳಿಯೇ ನಿಂತಳು. ವಕೀಲರು ಉತ್ತರವನ್ನು ಒಳಗೆ ಕೊಟ್ಟು, ಒಂದು ಪ್ರತಿಯನ್ನು ಯಲ್ಲಕ್ಕನ ವಕೀಲರ ಕೈಗಿಟ್ಟರು. ಮುಂದಿನ ತಾರೀಖು ಕೊಟ್ಟರು. ಅಷ್ಟೇ ಆದದ್ದು.

ಹೊರಗೆ ಹೊಂಗೆ ಮರದ ಕೆಳಗೆ ಯಲ್ಲಕ್ಕ ಆ ಪ್ರತಿ ಹಿಡಿದು ಬಂದಳು. ತಮ್ಮಂದಿರ ಕಡೆ ನೋಡಲೇ ಇಲ್ಲ.

"ಅವ್ವ, ಇದು ನಿನ್ನ ಸೈನೇ?"

"ಹ್ಞೂ."

"ಒಳಗೆ ಬರೆದಿರೋದು ಗೊತ್ತಾ ನಿಂಗೆ? ನಂಗೆ ಎಲ್ಲಾ ಕೊಟ್ಟೀವಿ ಅಂತ."

"ಗೊತ್ತು."

"ಯಾರಾದ್ರೂ ಬಲವಂತ ಮಾಡಿದ್ರಾ? ಹೇಳವ್ವ. ಈಗ್ಲೇ ಒಳಗೆ ಹೋಗಿ ಜಡ್ಜಿಗೆ ಹೇಳಾಣ."

ಚಿತ್ರಾ ಒಂದು ಹೆಜ್ಜೆ ಮುಂದೆ ಇಟ್ಟಳು. ಸೆರಗಿನ ಮರೆಯಲ್ಲಿ ತಿಪ್ಪಮ್ಮನ ಕೈ ಬಂದು ಅವಳ ಮಣಿಕಟ್ಟು ಹಿಡಿಯಿತು, ಗಟ್ಟಿಯಾಗಿ.

"ಯಾರೂ ಮಾಡ್ಲಿಲ್ಲ," ಎಂದಳು ತಿಪ್ಪಮ್ಮ.

ಯಲ್ಲಕ್ಕ ಕಾಗದ ಮಡಚಿದಳು. "ಇವತ್ತಿಗೆ ನಂಗೆ ತವರು ಮುಗೀತು," ಎಂದು ಹೇಳಿ ಗೇಟಿನ ಕಡೆ ನಡೆದಳು.

ಬಸ್ ಸ್ಟ್ಯಾಂಡಿನಲ್ಲಿ ಹೊಳಲ್ಕೆರೆ ಬಸ್ಸು ಮೊದಲು ಹೊರಟಿತು. ಶ್ರೀರಾಂಪುರದ ಬಸ್ಸಿನ ಕಿಟಕಿಯಿಂದ ತಿಪ್ಪಮ್ಮ ಅದನ್ನು ನೋಡುತ್ತಿದ್ದಳು. ಚಿತ್ರಾ ತಲೆ ತಗ್ಗಿಸಿ, "ನನ್ನಿಂದ ಹಿಂಗಾತು ಅತ್ತೆ," ಎಂದಳು.

"ನಿನ್ನಿಂದಲ್ಲ. ಅವಳಿಗೆ ಹೊಳಲ್ಕೆರ್ಯಾಗೆ ಒಂದು ಮನೆ ಐತೆ. ಕೇಸು ಗೆದ್ರೂ ಸೋತ್ರೂ ಹೋಗಿ ಮಲಗಕ್ಕೆ ಒಂದು ಜಾಗ ಐತೆ. ನಿಂಗೆಲ್ಲೈತೆ? ನಂಗೆಲ್ಲೈತೆ?"

ಅಷ್ಟರಲ್ಲಿ ರಂಗಸ್ವಾಮಿ ಬಸ್ಸು ಹತ್ತಿ ಬಂದ. ಮುಖದಲ್ಲಿ ವಾರಗಳಿಂದ ಕಾಣದ ನಗೆಯಿತ್ತು. ಕೈಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಬಿಸಿ ಪೊಟ್ಟಣ. "ತಗಳ್ರಿ, ಇಬ್ರೂ ತಿನ್ರಿ," ಎಂದು ಮಡಿಲಿಗೆ ಹಾಕಿ, ಹಿಂದಿನ ಸೀಟಿಗೆ ತಮ್ಮನ ಪಕ್ಕ ಹೋಗಿ ಕೂತ.

ಚಿತ್ರಾ ಮುಟ್ಟಲಿಲ್ಲ. ತಿಪ್ಪಮ್ಮ ಪೊಟ್ಟಣ ಬಿಚ್ಚಿ ಒಂದು ಬಜ್ಜಿ ಮುರಿದಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಒಂದು ತುಂಡನ್ನು ಸೊಸೆಯ ಕೈಗೆ ಕೊಟ್ಟು, ಇನ್ನೊಂದನ್ನು ತಾನು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದಳು.